ಗಣತಿ ಪುಸ್ತಕದಲ್ಲಿ ನನ್ನ ತವರು

ಮೊಮ್ಮಗಳ ಶಾಲೆಯ ಕೆಲಸದ ನೆಪದಲ್ಲಿ 1991ರ ಜನಗಣತಿಯ ಜಿಲ್ಲಾ ಕೈಪಿಡಿಯೊಂದು ಕೈಗೆ ಬಂತು. 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರ ಜಿಲ್ಲೆಯದು. ದೇವನಹಳ್ಳಿ ತಾಲ್ಲೂಕಿನ ಪುಟದಲ್ಲಿ ನನ್ನ ತವರೂರನ್ನು ಹುಡುಕುವಷ್ಟರಲ್ಲಿ ಕನ್ನಡಕವನ್ನು ಎರಡು ಸಲ ಒರೆಸಿದೆ. ಇರುವೆ ಸಾಲಿನಂಥ ಅಕ್ಷರಗಳ ನಡುವೆ ಒಂದೇ ಒಂದು ಸಾಲು. ಮನೆಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಓದು ಬಲ್ಲವರೆಷ್ಟು. ಬಸ್ಸಿನ ಕಲಮಿನಲ್ಲಿ ಒಂದು ಗುರುತು: ಊರಿಗೆ ಇಲ್ಲ, ಐದು ಕಿಲೋಮೀಟರಿನೊಳಗೆ ಸಿಗುತ್ತದೆ.

ಓದಿದರೆ ಪಕ್ಕದ ಬೀದಿಯೇನೋ ಅನ್ನಿಸುತ್ತದೆ, ಅಲ್ಲವೇ? ನಮ್ಮಮ್ಮ ಅದನ್ನು ಮೂರು ಮೈಲಿ ಅನ್ನುತ್ತಿದ್ದಳು. ಮಳೆಗಾಲದಲ್ಲಿ ಹಳ್ಳ ಬಂದರೆ ಅದೇ ಐದು ಮೈಲಿ.

ನಮ್ಮ ಸೀಮೆಗೆ ವಾಹನಗಳು ಬರಲೇ ಇಲ್ಲವೆಂದಲ್ಲ. ಯಶವಂತಪುರದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲೇ ರೈಲು ಬಂದಿತ್ತು, ಎರಡೂವರೆ ಅಡಿಯ ಕಿರಿದಾದ ಹಳಿಯ ಮೇಲೆ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳನ್ನಿಟ್ಟುಕೊಂಡು ಸಾರಿಗೆ ಇಲಾಖೆ ತೆರೆಯಿತು. ಎಲ್ಲ ಬಂತು, ದೊಡ್ಡ ರಸ್ತೆಯವರೆಗೆ.

1963ರಲ್ಲಿ ನಮ್ಮಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ನನಗಾಗ ಹತ್ತು ವರ್ಷ. ನಡುರಾತ್ರಿ ನೋವು ಶುರುವಾಯಿತು. ಸೂಲಗಿತ್ತಿ ಕೈಚೆಲ್ಲಿದಾಗ ಅಪ್ಪ ಗಾಡಿ ಕಟ್ಟಿದ. ಹುಲ್ಲಿನ ಮೇಲೆ ಕಂಬಳಿ ಹಾಸಿ ಅಕ್ಕನನ್ನು ಮಲಗಿಸಿದರು; ಲಾಟೀನು ಹಿಡಿಯಲು ನಾನು. ರಸ್ತೆಗೆ ಮುಟ್ಟುವ ಹೊತ್ತಿಗೆ ಬೆಳಗಿನ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು. ಹುಣಸೆಮರದ ಕೆಳಗೆ, ಗಾಡಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ನಾಲ್ಕು ದಿನ ಇತ್ತು.

ಗಣತಿ ನಡೆದದ್ದು 1961ರಲ್ಲಿ, ಆಮೇಲೆ 1971ರಲ್ಲಿ. ಆ ಮಗು ಯಾವ ಪುಸ್ತಕಕ್ಕೂ ಸೇರಲಿಲ್ಲ.

ಹಾಗೆ ನೋಡಿದರೆ ಈ ಎಣಿಕೆಯಲ್ಲಿ ಸಿಗದೆ ಹೋದವರು ಬಹಳ. ಮೈಸೂರು ಸಂಸ್ಥಾನದಲ್ಲಿ 1871ರ ಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರ ಜನ. 1881ರಲ್ಲಿ 41 ಲಕ್ಷ 86 ಸಾವಿರ. ನಡುವೆ 1876ರಿಂದ 78ರ ಘೋರ ಬರ. ಧಾತು ಸಂವತ್ಸರದ ಬರವೆಂದು ಅಜ್ಜಿ ಹೇಳುತ್ತಿದ್ದ ಕಥೆಯನ್ನು ನಾವು ಮಕ್ಕಳು ಉತ್ಪ್ರೇಕ್ಷೆಯೆಂದು ನಗುತ್ತಿದ್ದೆವು. ಅಜ್ಜಿ ಉತ್ಪ್ರೇಕ್ಷೆ ಮಾಡಿರಲಿಲ್ಲ.

ಇನ್ನೊಂದು ಕಲಮು ನೋಡಿ ಸಿಟ್ಟು ಬಂತು: 'ಕೆಲಸ ಮಾಡದವರು.' ಹೆಂಗಸರಲ್ಲಿ ಹೆಚ್ಚಿನವರು ಅದರಲ್ಲೇ. ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆಹುಳುವಿಗೆ ಹೊತ್ತು ಹೊತ್ತಿಗೆ ಹಾಕಿ, ಎಮ್ಮೆ ಕರೆದವರು ಇವರೇ. ಕೂಲಿಯಿಲ್ಲದೆ ಸ್ವಂತ ಹೊಲದಲ್ಲಿ ದುಡಿಯುವುದನ್ನೂ ಸೇರಿಸಿ ಕೇಳಿರೆಂದು 1991ರಲ್ಲಿ ಪ್ರಶ್ನೆಯಲ್ಲೇ ಬರೆದಿದ್ದರು. ಆದರೆ ಬಾಗಿಲಿಗೆ ಬಂದವರಿಗೆ ಉತ್ತರ ಕೊಟ್ಟವರು ಜಗುಲಿಯ ಮೇಲಿನ ಗಂಡಸರು. 'ಇವಳೇನು ಮಾಡ್ತಾಳೆ? ಮನೇಲಿರ್ತಾಳೆ.' ಗಂಡನ ಹೆಸರು ಹೇಳಲು ನಾಚಿ ಮಗನನ್ನು ಮುಂದೆ ತಳ್ಳುತ್ತಿದ್ದ ನಾವೂ ಅದಕ್ಕೆ ಸ್ವಲ್ಪ ಹೊಣೆಯೆನ್ನಿ.

2008ರ ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನಲ್ಲಿ ವಿಮಾನ ಇಳಿಯಿತು. ಸುಮಾರು 4 ಸಾವಿರ ಎಕರೆ ಅದಕ್ಕೇ ಹೋಯಿತು. ನಮ್ಮೂರ ಮಕ್ಕಳು ಬಸ್ಸಿಗಿಂತ ಮೊದಲು ವಿಮಾನವನ್ನು ದಿನಾ ನೋಡಿದವರು! 2011ರಲ್ಲಿ ಜಿಲ್ಲೆಯ ಜನ 9 ಲಕ್ಷ 90 ಸಾವಿರಕ್ಕೆ ಏರಿತ್ತು. ಸಾವಿರ ಗಂಡಸರಿಗೆ 946 ಹೆಂಗಸರು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು.

ಊರೊಳಕ್ಕೆ ಬಸ್ಸು ಕೊನೆಗೂ ಬಂತು, ದಿನಕ್ಕೆ ಎರಡು ಸಲ. 2023ರ ಜೂನಿನಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲವೆಂದಾದ ಮೇಲೆ ಅಕ್ಕನನ್ನು ಕರೆದುಕೊಂಡು ಹೋದೆ. ಎಂಬತ್ತು ದಾಟಿದವಳು, ಕಿಟಕಿಯ ಪಕ್ಕವೇ ಬೇಕೆಂದಳು. ಹುಣಸೆಮರ ಇದ್ದ ತಿರುವಿನಲ್ಲಿ ಏನೂ ಮಾತಾಡಲಿಲ್ಲ. ಸೊನ್ನೆ ರೂಪಾಯಿಯ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಳಿಯುವಾಗ ಕಂಡಕ್ಟರು ಕೂಗಿ ಹೇಳಿದ: ವಾಪಸ್ ಬಸ್ಸು ಐದೂವರೆಗೆ, ತಪ್ಪಿಸಿಕೊಂಡರೆ ರಸ್ತೆಗೆ ನಡೀಬೇಕು.