ರಿಪೋರ್ಟಿಗೆ ಸಿಗದ ಮೂಗು

ಕೊರೋನಾ ಕಾಲವನ್ನು ನಾವೆಲ್ಲ ಅಂಕಿಗಳಲ್ಲಿ ನೆನಪಿಟ್ಟುಕೊಂಡಿದ್ದೇವೆ. ಆಕ್ಸಿಜನ್ ಎಷ್ಟು, ಸಿಆರ್‌ಪಿ ಎಷ್ಟು, ಡಿ-ಡೈಮರ್ ಎಷ್ಟು. 2021ರ ಏಪ್ರಿಲ್‌ನಲ್ಲಿ ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯುಗಾದಿಯ ಶುಭಾಶಯಗಳಿಗಿಂತ ಹೆಚ್ಚು ಓಡಾಡಿದ್ದು ಲ್ಯಾಬ್ ರಿಪೋರ್ಟಿನ ಫೋಟೋಗಳೇ. ಆದರೆ ಈ ರೋಗದ ಒಂದು ಮುಖ್ಯ ಸುಳಿವು ಯಾವ ಲ್ಯಾಬಿನಿಂದಲೂ ಬರಲಿಲ್ಲ. 'ಡಾಕ್ಟ್ರೇ, ವಾಸನೆ ಗೊತ್ತಾಗ್ತಾ ಇಲ್ಲ' ಎಂದು ರೋಗಿಗಳೇ ಹೇಳಿದ್ದು ಅದು. ಆ ಮಾತು ಅಧಿಕೃತ ಪಟ್ಟಿಗೆ ಸೇರಲು ಹಿಡಿದ ಸಮಯ ನನ್ನನ್ನು ಈಗಲೂ ಕಾಡುತ್ತದೆ.

ವುಹಾನ್‌ನ ಮೂರು ಆಸ್ಪತ್ರೆಗಳ 214 ರೋಗಿಗಳ ದಾಖಲೆಗಳನ್ನು ಆಧರಿಸಿದ ಮೊದಲ ವರದಿಯಲ್ಲಿ ವಾಸನೆಯ ತೊಂದರೆ ಕಂಡದ್ದು ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಮಾತ್ರ. ಉಸಿರಿಗೇ ಕಷ್ಟವಿದ್ದವರು ವಾಸನೆಯ ಮಾತೆತ್ತುವುದು ಹೇಗೆ? ಕೇಳುವವರಿಗೂ ಪುರುಸೊತ್ತು ಇದ್ದಿರಲಾರದು. 2020ರ ಮಾರ್ಚ್‌ನಲ್ಲಿ ಜರ್ಮನಿಯ ಹೈನ್ಸ್‌ಬೆರ್ಗ್ ಜಿಲ್ಲೆಯಲ್ಲಿ ವೈರಾಣು ತಜ್ಞ ಹೆಂಡ್ರಿಕ್ ಸ್ಟ್ರೀಕ್ ಸೋಂಕಿತರನ್ನು ಮಾತಾಡಿಸಿದಾಗ ಚಿತ್ರ ಬದಲಾಯಿತು. ನೂರಕ್ಕೂ ಹೆಚ್ಚು ಜನರಲ್ಲಿ ಮೂರನೇ ಎರಡರಷ್ಟು ಮಂದಿ ವಾಸನೆ, ರುಚಿ ಹೋಗಿದೆ ಎಂದರು. ಒಬ್ಬ ತಾಯಿಗೆ ತನ್ನ ಮಗುವಿನ ಕೊಳೆಯಾದ ಡಯಾಪರಿನ ವಾಸನೆಯೂ ತಿಳಿಯುತ್ತಿರಲಿಲ್ಲ.

ಅದೇ ವಾರ ಲಂಡನ್ನಿನಲ್ಲಿ ಕಿವಿ-ಮೂಗು-ಗಂಟಲು ತಜ್ಞರಾದ ಕ್ಲೇರ್ ಹಾಪ್ಕಿನ್ಸ್ ಮತ್ತು ನಿರ್ಮಲ್ ಕುಮಾರ್ ತಮ್ಮ ವೃತ್ತಿ ಸಂಘಗಳ ಪರವಾಗಿ ಎಚ್ಚರಿಕೆ ಕೊಟ್ಟರು: ಬೇರೇನೂ ಲಕ್ಷಣವಿಲ್ಲದೆ ವಾಸನೆ ಹೋದವರೂ ಪ್ರತ್ಯೇಕವಾಗಿ ಇರಲಿ, ಇವರು ಗೊತ್ತಾಗದಂತೆ ಸೋಂಕು ಹರಡುತ್ತಿರಬಹುದು. ನೆಗಡಿಯಲ್ಲಿ ಮೂಗು ಕಟ್ಟಿ ವಾಸನೆ ಹೋಗುವುದು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಇಲ್ಲಿ ಅನೇಕರಿಗೆ ಮೂಗು ಕಟ್ಟದೆಯೇ ವಾಸನೆ ಹೋಗುತ್ತಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಟಿಮ್ ಸ್ಪೆಕ್ಟರ್ ತಂಡ ಮೊಬೈಲ್ ಆ್ಯಪ್ ಮೂಲಕ ಲಕ್ಷಾಂತರ ಜನರಿಂದ ಲಕ್ಷಣಗಳನ್ನು ಕೇಳಿ ಪಡೆಯಿತು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಲ್ಲಿ ನೂರಕ್ಕೆ ಸುಮಾರು 65 ಮಂದಿ, ನೆಗೆಟಿವ್ ಬಂದವರಲ್ಲಿ ಸುಮಾರು 22 ಮಂದಿ ವಾಸನೆ-ರುಚಿ ಹೋಗಿದೆ ಎಂದಿದ್ದರು. ಆದರೂ ಬ್ರಿಟನ್ ಇದನ್ನು ಪಟ್ಟಿಗೆ ಸೇರಿಸಿದ್ದು ಮೇ 18ರಂದು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಜೂನ್ 13ರಂದು. ಅಲ್ಲಿಯತನಕ ಗೇಟುಗಳಲ್ಲಿ ಹಣೆಗೆ ಥರ್ಮಲ್ ಗನ್ ಹಿಡಿಯುವುದೇ ನಡೆದಿತ್ತು. ಜ್ವರವಿಲ್ಲದವನು, ಮೂಗು ಸತ್ತಿದ್ದರೂ, ಒಳಗೆ ಹೋಗಬಹುದಿತ್ತು.

ಸಿಆರ್‌ಪಿಗೆ ಇಂಥ ಕಾಯುವಿಕೆ ಇರಲಿಲ್ಲ. ಅದರ ಚರಿತ್ರೆ ಹಳೆಯದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಕೊಂಡರು. ರೋಗ ಜೋರಾದಾಗ ಕಾಣಿಸಿಕೊಂಡು, ವಾಸಿಯಾದಾಗ ಮಾಯವಾಗುವ ವಸ್ತು. ಉರಿಯೂತದ ಸುದ್ದಿಯನ್ನು ಇಂಟರ್‌ಲ್ಯೂಕಿನ್-6 ಎಂಬ ದೂತ ಮುಟ್ಟಿಸಿದಾಗ ಯಕೃತ್ತು ಅದನ್ನು ತಯಾರಿಸುತ್ತದೆ ಎಂದು ಮುಂದೆ ತಿಳಿಯಿತು. ಕೊರೋನಾದಲ್ಲಿ ಈ ಅಂಕಿ ನಿಜಕ್ಕೂ ಜೀವ ಉಳಿಸಿತು. ಆಕ್ಸಿಜನ್ ಕಡಿಮೆಯಿದ್ದು ಸಿಆರ್‌ಪಿ 75 ದಾಟಿದವರಿಗೆ, ಆ ದೂತನನ್ನು ತಡೆಯುವ ಟಾಸಿಲಿಜುಮ್ಯಾಬ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ರಿಕವರಿ ಪ್ರಯೋಗ 2021ರ ಫೆಬ್ರುವರಿಯಲ್ಲಿ ತೋರಿಸಿತು.

ಹಾಗಾದರೆ ರಕ್ತಕ್ಕೂ ಮೂಗಿಗೂ ಏನು ಸಂಬಂಧ? ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಾಸನೆ ಹೋಗಿದೆ ಎಂದವರು ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು ಹತ್ತು ಪಟ್ಟು ಕಡಿಮೆ ಎಂದು ಕಂಡಿತು. ವಾಸನೆ ಹೋದರೆ ರೋಗ ಹಗುರ ಎಂದು ಹಲವರು ಸಮಾಧಾನಪಟ್ಟುಕೊಂಡರು. ಆದರೆ ಟೆಹರಾನಿನ ವೈದ್ಯರು ಆಸ್ಪತ್ರೆಯಲ್ಲೇ ಇದ್ದ 60 ರೋಗಿಗಳಿಗೆ 40 ವಾಸನೆಗಳ ಪರೀಕ್ಷೆ ಮಾಡಿದಾಗ 59 ಮಂದಿಯಲ್ಲಿ ದೋಷವಿತ್ತು. ಪರೀಕ್ಷೆಗೆ ಮುನ್ನ ಅದು ಗಮನಕ್ಕೆ ಬಂದಿದ್ದವರು ಸುಮಾರು ಮೂರನೇ ಒಂದು ಭಾಗ ಮಾತ್ರ. ಹಗುರ ರೋಗದವರಿಗೆ ಮೂಗಿನ ಕಡೆ ಗಮನ ಕೊಡಲು ಬಿಡುವಿತ್ತು ಎಂಬುದೂ ಈ ಲೆಕ್ಕದೊಳಗೆ ಸೇರಿಕೊಂಡಿರಬೇಕು.

ಹಾರ್ವರ್ಡ್‌ನ ಸಂದೀಪ್ ರಾಬರ್ಟ್ ದತ್ತಾ ತಂಡ 2020ರ ಜುಲೈನಲ್ಲಿ ಇನ್ನೊಂದು ಗಂಟು ಬಿಡಿಸಿತು. ವೈರಾಣು ಒಳಹೋಗುವ ಬಾಗಿಲು ವಾಸನೆಯ ನರಕೋಶಗಳಲ್ಲಿ ಇರಲಿಲ್ಲ. ಅವುಗಳಿಗೆ ಆಸರೆಯಾದ ಪಕ್ಕದ ಜೀವಕೋಶಗಳಲ್ಲಿತ್ತು. ಆಸರೆ ಕುಸಿದರೆ ನರವೂ ಮಂಕಾಗುತ್ತದೆ. ಅನೇಕರಿಗೆ ಕೆಲವೇ ವಾರಗಳಲ್ಲಿ ವಾಸನೆ ಮರಳಿದ್ದಕ್ಕೆ ಇದು ಒಪ್ಪುವ ವಿವರಣೆ. ಮರಳದವರ ಕಥೆ 2022ರ ಡಿಸೆಂಬರ್‌ನಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂತು. ಬ್ರ್ಯಾಡ್ಲಿ ಗೋಲ್ಡ್‌ಸ್ಟೀನ್ ತಂಡ ಮೂಗಿನ ಒಳಪದರದ ಚೂರುಗಳನ್ನು ಪರೀಕ್ಷಿಸಿದಾಗ ವೈರಾಣು ಇರಲಿಲ್ಲ. ಆದರೆ ರೋಗನಿರೋಧಕ ಟಿ-ಕೋಶಗಳು ಅಲ್ಲೇ ಬೀಡುಬಿಟ್ಟು ಉರಿಯೂತವನ್ನು ಜೀವಂತವಾಗಿಟ್ಟಿದ್ದವು, ವಾಸನೆಯ ನರಕೋಶಗಳೂ ಕಡಿಮೆಯಾಗಿದ್ದವು. ಸಿಆರ್‌ಪಿ ಹೇಳುವುದು ಇಡೀ ದೇಹದ ಬೆಂಕಿಯ ಸುದ್ದಿ. ಮೂಗಿನ ಮೂಲೆಯಲ್ಲಿ ಹೊಗೆಯಾಡುವ ಕೆಂಡ ಅದರ ಲೆಕ್ಕಕ್ಕೆ ಸಿಗಬೇಕೆಂದೇನಿಲ್ಲ.

ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನು ದಿನವೂ ಹಸಿರು, ಹಳದಿ, ಕೆಂಪು ಡ್ಯಾಶ್‌ಬೋರ್ಡ್ ನೋಡುವವನು. ಎಲ್ಲ ಹಸಿರಿದ್ದಾಗಲೂ ತಂಡದಲ್ಲಿ ಒಬ್ಬರು 'ಏನೋ ಸರಿಯಿಲ್ಲ' ಎಂದರೆ ಕೂತು ಕೇಳಬೇಕು ಎಂಬುದು ಈ ಕಸುಬಿನ ಪಾಠ. ರಿಪೋರ್ಟ್ ನಾರ್ಮಲ್ ಬಂದಮೇಲೂ ಫಿಲ್ಟರ್ ಕಾಫಿಯ ಘಮ ಮರಳದವರು ನಮ್ಮ ನಡುವೆ ಇದ್ದಾರೆ. ಗ್ಯಾಸ್ ಸೋರಿದರೂ, ಹಾಲು ಹೊತ್ತಿದರೂ ಅವರಿಗೆ ತಿಳಿಯುವುದಿಲ್ಲ. ಅವರಿಗೆ 'ಅದೆಲ್ಲ ಮನಸ್ಸಿನ ಭ್ರಮೆ' ಅನ್ನಬೇಡಿ. ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಕಳಿಸಿ. ಡ್ರೆಸ್ಡನ್ನಿನ ಥಾಮಸ್ ಹುಮ್ಮೆಲ್ 2009ರಲ್ಲೇ ಪ್ರಕಟಿಸಿದ ಘ್ರಾಣ ತರಬೇತಿಯ ಬಗ್ಗೆ ಅವರು ಹೇಳಿಯಾರು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ. ದಿನಕ್ಕೆ ಎರಡು ಸಲ, ವಾರಗಟ್ಟಲೆ, ಗಮನವಿಟ್ಟು ಮೂಸಬೇಕು. ಎಲ್ಲರಿಗೂ ಫಲಿಸುತ್ತದೆಂದಲ್ಲ. ಆದರೆ ಲವಂಗ, ನಿಂಬೆ ನಮ್ಮ ಅಡುಗೆಮನೆಯಲ್ಲೇ ಇವೆ. ನೀಲಗಿರಿ ಎಣ್ಣೆಯ ಸೀಸೆಯೂ ಎಲ್ಲೋ ಕಪಾಟಿನಲ್ಲಿ ಇದ್ದೀತು.