ಕೈಯೇ ಮಾಪಕವಾಗಿದ್ದ ಕಾಲ

1895ರ ನವೆಂಬರ್ 8ರಂದು ಜರ್ಮನಿಯ ವುರ್ಜ್‌ಬರ್ಗ್‌ನಲ್ಲಿ ತಾವು ಕಂಡ ಹೊಸ ಕಿರಣಕ್ಕೆ ವಿಲ್ಹೆಲ್ಮ್ ರಾಂಟ್‌ಜನ್ 'ಎಕ್ಸ್' ಎಂದು ಹೆಸರಿಟ್ಟರು. ಗಣಿತದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ಬಳಸುವ ಅಕ್ಷರ ಅದು. ನಮ್ಮ ಶಾಲಾ ಪುಸ್ತಕಗಳಲ್ಲಿ ಅದು ಕ್ಷ-ಕಿರಣವಾಯಿತು. ಆ ಕಿರಣ ಏನೆಂಬುದು ವಿಜ್ಞಾನಿಗಳಿಗೆ ತಿಳಿದು ನೂರು ವರ್ಷ ದಾಟಿದೆ. ಆದರೆ ದಿನವಿಡೀ ಯಂತ್ರದ ಪಕ್ಕದಲ್ಲೇ ಕೆಲಸ ಮಾಡುವವರಿಗೆ ಅದರ ಅಪಾಯ ಎಷ್ಟು ತಿಳಿದಿದೆ? ವಿಜ್ಞಾನದ ಚರಿತ್ರೆಯನ್ನು ಓದುತ್ತಿರುವ ನನಗೆ, ಇದು ಅವರ ಜಾಣ್ಮೆಯನ್ನು ಅಳೆಯುವ ಪ್ರಶ್ನೆಯಾಗಿ ಕಾಣುವುದಿಲ್ಲ. ತಿಳಿವಳಿಕೆ ಯಾರಿಂದ ಹುಟ್ಟಿ ಯಾರನ್ನು ತಲುಪಿತು ಎಂಬ ಪ್ರಶ್ನೆಯಾಗಿ ಕಾಣುತ್ತದೆ.

ಮೊದಲ ವರ್ಷಗಳಲ್ಲಿ ಕಿರಣವನ್ನು ಅಳೆಯುವ ಸಾಧನವೇ ಇರಲಿಲ್ಲ. ಕೊಳವೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಯಂತ್ರ ನಡೆಸುವವರು ತಮ್ಮ ಕೈಯನ್ನೇ ಅಡ್ಡ ಹಿಡಿಯುತ್ತಿದ್ದರು. ಮೂಳೆ ಸ್ಪಷ್ಟವಾಗಿ ಕಂಡರೆ ಕೊಳವೆ ಸರಿಯಿದೆ ಎಂದರ್ಥ. ಥಾಮಸ್ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆ ಕೈ ಹಿಡಿದು ಹಿಡಿದು ಸುಟ್ಟುಕೊಂಡರು. ಎರಡೂ ತೋಳುಗಳನ್ನು ಕತ್ತರಿಸಬೇಕಾಯಿತು. 1904ರಲ್ಲಿ ತೀರಿಕೊಂಡಾಗ ಅವರಿಗೆ 39 ವರ್ಷ. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿಕೊಂಡಿದ್ದ ಎಲಿಜಬೆತ್ ಫ್ಲೈಶ್‌ಮನ್, ವೈದ್ಯ ಪದವಿಯಿಲ್ಲದೆಯೇ ಎಕ್ಸ್‌ರೇ ಕಲಿತು ಹೆಸರಾದವರು. ಅವರೂ ಒಂದು ತೋಳು ಕಳೆದುಕೊಂಡು 1905ರಲ್ಲಿ ಕ್ಯಾನ್ಸರಿಗೆ ಬಲಿಯಾದರು. ಇಂದಿನ ಟೆಕ್ನಿಷಿಯನ್ನರ ಪೂರ್ವಿಕರೆಂದರೆ ಇಂಥವರೇ.

ಆಗ ಯಾರಿಗೂ ತಿಳಿದಿರಲಿಲ್ಲ ಎನ್ನುವಂತೆಯೂ ಇಲ್ಲ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1901ರಲ್ಲೇ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಕೊಲ್ಲಬಲ್ಲದು ಎಂದು ತೋರಿಸಿದ್ದರು. ಕೊಳವೆಯನ್ನು ಕಿರಣ ದಾಟದಂಥ ಪೆಟ್ಟಿಗೆಯಲ್ಲಿಡಿ ಎಂದಿದ್ದರು. ಹೆಚ್ಚಿನವರು ಕಿವಿಗೊಡಲಿಲ್ಲ. 1925ರಲ್ಲಿ ಆರ್ಥರ್ ಮುಟ್‌ಶೆಲ್ಲರ್ ಸೂಚಿಸಿದ ಮಿತಿಗೂ ಚರ್ಮವೇ ಅಳತೆ: ಚರ್ಮ ಕೆಂಪೇರಿಸುವಷ್ಟು ಕಿರಣದ ನೂರರಲ್ಲೊಂದು ಪಾಲು, ಒಂದು ತಿಂಗಳಿಗೆ. 1928ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನ ರಕ್ಷಣೆಗೆಂದೇ ಅಂತರರಾಷ್ಟ್ರೀಯ ಸಮಿತಿ ಮಾಡಿತು. ಹೀಗೆ ಯಂತ್ರ ನಡೆಸಿದವರ ಗಾಯಗಳಿಂದ ಹುಟ್ಟಿದ ತಿಳಿವಳಿಕೆ ಮೊದಲು ವಿಜ್ಞಾನಿಗಳ ಬಳಿಗೆ, ಆಮೇಲೆ ಸಮಿತಿಗಳಿಗೆ, ಅಲ್ಲಿಂದ ಕಾನೂನಿಗೆ ಹೋಯಿತು.

ನಮ್ಮ ದೇಶದಲ್ಲಿ ಪರಮಾಣು ಶಕ್ತಿ ಕಾಯ್ದೆ ಬಂದದ್ದು 1962ರಲ್ಲಿ, ವಿಕಿರಣ ರಕ್ಷಣೆಯ ನಿಯಮಗಳು 1971ರಲ್ಲಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ. 2004ರಲ್ಲಿ ಹೊಸ ನಿಯಮಗಳು ಬಂದವು. ಇಂದಿನ ಮಿತಿಯ ಪ್ರಕಾರ, ಯಂತ್ರದ ಬಳಿ ಕೆಲಸ ಮಾಡುವವರ ಮೈಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು.

ಈ ಸಂಖ್ಯೆಗಳು ಯಂತ್ರದ ಕೋಣೆಯೊಳಗೆ ಬರುವುದು ಒಂದು ಸಣ್ಣ ಬ್ಯಾಡ್ಜಿನ ರೂಪದಲ್ಲಿ. 1975ರಿಂದ ಫಿಲ್ಮ್ ಬ್ಯಾಡ್ಜಿನ ಜಾಗಕ್ಕೆ ಬಂದ ಟಿಎಲ್‌ಡಿ ಅದು. ಕ್ಯಾಲ್ಸಿಯಂ ಸಲ್ಫೇಟಿಗೆ ಡಿಸ್ಪ್ರೋಸಿಯಂ ಬೆರೆಸಿದ ಪುಟ್ಟ ಬಿಲ್ಲೆಗಳು ಬಿದ್ದ ಕಿರಣವನ್ನು ನೆನಪಿಟ್ಟುಕೊಳ್ಳುತ್ತವೆ. ಬಿಸಿ ಮಾಡಿದಾಗ ಬೆಳಕಾಗಿ ಹೊರಬಿಡುತ್ತವೆ. ಮೂರು ತಿಂಗಳಿಗೊಮ್ಮೆ ಆ ಬೆಳಕನ್ನು ಅಳೆದು ಲೆಕ್ಕ ಹಾಕುತ್ತಾರೆ.

ನನ್ನೂರು ಅರಸೀಕೆರೆ ತಾಲ್ಲೂಕಿನ ಗಂಡಸಿ. ಇಲ್ಲಿನವರು ಸ್ಕ್ಯಾನಿಂಗ್ ಎಂದರೆ ಅರಸೀಕೆರೆಗೋ ಹಾಸನಕ್ಕೋ ಬಸ್ಸು ಹತ್ತುತ್ತಾರೆ. ತೆಂಗಿನ ತೋಟವನ್ನಷ್ಟೇ ನಂಬಲಾಗದ ಮನೆಗಳ ಮಕ್ಕಳಿಗೆ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಬೇಗ ಕೆಲಸ ಸಿಗುವ ದಾರಿ. ಹಾಗೆ ಓದಿ ಒಂದು ಸಣ್ಣ ಕೇಂದ್ರಕ್ಕೆ ಸೇರಿದ ನನ್ನ ಚಿಕ್ಕಪ್ಪನ ಮಗ ಒಮ್ಮೆ ಹೇಳಿದ: "ಅಕ್ಕ, ಬ್ಯಾಡ್ಜ್ ಹಾಕ್ಕೊಂಡಿದ್ರೆ ಏನೂ ಆಗಲ್ಲ ಅಂತಾರೆ." ಮಳೆಮಾಪಕ ಮಳೆಯನ್ನು ನಿಲ್ಲಿಸುತ್ತದೆಯೇ? ಬ್ಯಾಡ್ಜೂ ಅಷ್ಟೇ. ಅದು ಅಳೆಯುತ್ತದೆ, ಕಾಪಾಡುವುದಿಲ್ಲ. ಅವನಿಗೆ ಬ್ಯಾಡ್ಜ್ ಕೊಟ್ಟಿದ್ದರು. ಅದು ಏನು ಮಾಡುತ್ತದೆಂದು ಬಿಡಿಸಿ ಹೇಳಿದವರಿರಲಿಲ್ಲ.

ಹೇಳಬೇಕಾದದ್ದು ಬಹಳವೂ ಇಲ್ಲ. ಕಿರಣದ ಮೂಲದಿಂದ ಎರಡು ಪಟ್ಟು ದೂರ ನಿಂತರೆ ಬೀಳುವುದು ಕಾಲು ಭಾಗ. ಸ್ವಿಚ್ ಬಿಟ್ಟ ಕೂಡಲೇ ಎಕ್ಸ್‌ರೇ ಇಲ್ಲವಾಗುತ್ತದೆ, ಕೋಣೆಯಲ್ಲಿ ಉಳಿಯುವುದಿಲ್ಲ. ಎಂಆರ್‌ಐ, ಅಲ್ಟ್ರಾಸೌಂಡ್‌ಗಳಲ್ಲಿ ಈ ಬಗೆಯ ವಿಕಿರಣವೇ ಇಲ್ಲ, ಸಿಟಿಯಲ್ಲಿ ಇದೆ. ಸೀಸದ ಏಪ್ರನ್ ಮಡಚಿಟ್ಟರೆ ಒಳಗೆ ಬಿರುಕು ಬಿಡುತ್ತದೆ, ನೇತು ಹಾಕಬೇಕು. ಅಳುವ ಮಗುವನ್ನು ಹಿಡಿದುಕೊಳ್ಳುವುದು ಟೆಕ್ನಿಷಿಯನ್ನಿನ ದಿನನಿತ್ಯದ ಕೆಲಸವಾಗಬಾರದು. ಹಿಡಿಯಲೇಬೇಕಾದರೆ ಜೊತೆಗೆ ಬಂದವರು ಏಪ್ರನ್ ತೊಟ್ಟು ಹಿಡಿಯಬೇಕು. ಅವರು ಗರ್ಭಿಣಿಯಾಗಿರಬಾರದು. ಗರ್ಭದಲ್ಲಿದ್ದಾಗ ಎಕ್ಸ್‌ರೇಗೆ ಒಳಗಾದ ಮಕ್ಕಳಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು ಎಂಬುದನ್ನು ಬ್ರಿಟನ್ನಿನ ವೈದ್ಯೆ ಆಲಿಸ್ ಸ್ಟೀವರ್ಟ್ 1956ರಲ್ಲೇ ಎತ್ತಿ ತೋರಿಸಿದ್ದರು.

ಇದಿಷ್ಟನ್ನೂ ನಮ್ಮ ಕಡೆಯ ಆಡುಮಾತಿನಲ್ಲಿ ಅರ್ಧ ಗಂಟೆಯಲ್ಲಿ ಹೇಳಬಹುದು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಇಂಗ್ಲಿಷ್ ಪದ ಅಂಕ ತಂದುಕೊಡುತ್ತದೆ. ಮಗು ಅತ್ತಾಗ, ಹೊರಗೆ ಸಾಲು ಬೆಳೆದಾಗ, ಮಾಲೀಕ ಅವಸರ ಮಾಡಿದಾಗ ನೆನಪಿಗೆ ಬರುವುದು ತನ್ನ ಮಾತಿನಲ್ಲಿ ಅರ್ಥವಾದದ್ದು ಮಾತ್ರ. ರಾಲಿನ್ಸ್ ಬರೆದದ್ದು ಓದಬೇಕಾದವರಿಗೆ ಮುಟ್ಟುವ ಹೊತ್ತಿಗೆ ಎಷ್ಟೋ ಕೈಗಳು ಹೋಗಿದ್ದವು. ಇಂದಿನ ಅಪಾಯ ಅಷ್ಟು ಕಣ್ಣಿಗೆ ಬೀಳುವಂಥದ್ದಲ್ಲ. ಚರ್ಮ ಕೆಂಪಾಗುವುದಿಲ್ಲ, ಯಾರೂ ಎಚ್ಚರಗೊಳ್ಳುವುದಿಲ್ಲ. ಆದ್ದರಿಂದಲೇ ಮೂರು ತಿಂಗಳಿಗೊಮ್ಮೆ ಬರುವ ಆ ಲೆಕ್ಕದ ಚೀಟಿ ಕಚೇರಿಯ ಕಡತ ಸೇರುವ ಮೊದಲು ಬ್ಯಾಡ್ಜ್ ತೊಟ್ಟವರ ಕೈಗೆ ಬರಬೇಕು. ತಮ್ಮನಿಗೆ ನಾನು ಹೇಳಿದ್ದೂ ಅದನ್ನೇ: ನಿನ್ನ ಲೆಕ್ಕ ಎಷ್ಟು ಬಂತು ಅಂತ ಕೇಳು.