ಕ್ಷಯ ಮತ್ತು ಎಚ್.ಐ.ವಿ.: ಆನವಟ್ಟಿ ಸೀಮೆಯಿಂದ ಒಂದು ಐತಿಹಾಸಿಕ ವಿವೇಚನೆ

ಆನವಟ್ಟಿಯು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಊರು. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ದೊರೆತಿರುವ ಕ್ರಿ.ಶ. 1162ರ ಶಾಸನವು ಅಲ್ಲಿನ ಕೋಡಿಯಮಠವನ್ನು ವರ್ಣಿಸುತ್ತ, ಅದು ವಿದ್ಯಾಸ್ಥಾನವಾಗಿದ್ದುದಲ್ಲದೆ ದೀನರಿಗೆ ಅನ್ನವೀಯುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಸುವ ಸ್ಥಾನವೂ ಆಗಿತ್ತೆಂದು ತಿಳಿಸುತ್ತದೆ. ರೋಗಿಯು ಚಿಕಿತ್ಸೆಗಾಗಿ ಎಷ್ಟು ದೂರ ಹೋಗಬೇಕು, ಅಲ್ಲಿ ಅವನನ್ನು ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಎಚ್.ಐ.ವಿ. ಪೀಡಿತರನ್ನು ಕಾಡುವ ಮೈಕೋಬ್ಯಾಕ್ಟೀರಿಯಾ ಸೋಂಕುಗಳ ಇತಿಹಾಸದಲ್ಲಿ ಈ ಪ್ರಶ್ನೆಯೇ ಮುಖ್ಯವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಆಯುರ್ವೇದವು ರಾಜಯಕ್ಷ್ಮವೆಂದು ಕರೆದ ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿ ಪ್ರಕಟಪಡಿಸಿದನು. ಮೈಸೂರಿನಲ್ಲಿ 1921ರಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಆರಂಭವಾಯಿತು. ಆ ಕಾಲದಲ್ಲಿ ಚಿಕಿತ್ಸೆಯೆಂದರೆ ರೋಗಿಯು ಮನೆಮಾರು ತೊರೆದು ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳಲ್ಲಿ ತಿಂಗಳುಗಟ್ಟಲೆ ಇರುವುದು. ಔಷಧಗಳು ಬಂದ ಮೇಲೆ ಈ ಕ್ರಮ ಬದಲಾಯಿತು. ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿದವರೂ ಆಸ್ಪತ್ರೆಯಲ್ಲಿದ್ದವರಷ್ಟೇ ಗುಣಹೊಂದುವರೆಂದು ಮದರಾಸಿನ ಅಧ್ಯಯನವು 1959ರಲ್ಲಿ ಸ್ಥಾಪಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಕ್ಷಯದ ಲಕ್ಷಣವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ವೈದ್ಯಸಂಸ್ಥೆಗಳ ಬಾಗಿಲಿಗೆ ಬಂದಿದ್ದರೆಂದು ಅದರ ವಿದ್ವಾಂಸರು ತುಮಕೂರು ಜಿಲ್ಲೆಯಲ್ಲಿ ಕಂಡುಕೊಂಡರು. ಹಳ್ಳಿಯ ಜನ ರೋಗವನ್ನು ಅಲಕ್ಷಿಸುತ್ತಾರೆಂಬ ಮಾತು ಹೀಗೆ ಸುಳ್ಳಾಯಿತು. ಬಂದವರ ಕಫವನ್ನು ಸಮೀಪದ ಆರೋಗ್ಯ ಕೇಂದ್ರದಲ್ಲಿಯೇ ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವುದು 1962ರ ರಾಷ್ಟ್ರೀಯ ಕಾರ್ಯಕ್ರಮದ ಆಧಾರಸ್ತಂಭವಾಯಿತು.

ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈಯಲ್ಲಿ. ಈ ವೈರಸ್ಸು ಸಿ.ಡಿ.4 ಎಂಬ ರಕ್ಷಕ ಕಣಗಳನ್ನು ಕುಂದಿಸುತ್ತದೆ. ಕ್ಷಯದ ಸೋಂಕು ದೇಹದಲ್ಲಿ ಸುಪ್ತವಾಗಿದ್ದರೆ ಆರೋಗ್ಯವಂತರಲ್ಲಿ ಜೀವಮಾನದಲ್ಲಿ ಶೇಕಡ 5ರಿಂದ 10 ಮಂದಿಗೆ ಮಾತ್ರ ರೋಗ ತಲೆದೋರುತ್ತದೆ, ಚಿಕಿತ್ಸೆಯಿಲ್ಲದ ಎಚ್.ಐ.ವಿ. ಪೀಡಿತರಲ್ಲಿ ವರ್ಷವೊಂದಕ್ಕೇ ಸುಮಾರು ಶೇಕಡ 10 ಮಂದಿಗೆ ಈ ಅಪಾಯವುಂಟು. ಅಲ್ಲದೆ, ನಿತ್ರಾಣಗೊಂಡ ದೇಹದಲ್ಲಿ ಶ್ವಾಸಕೋಶದ ಕುಳಿಗಳು ಸರಿಯಾಗಿ ಉಂಟಾಗದ ಕಾರಣ ಕಫದಲ್ಲಿ ಕ್ರಿಮಿಗಳು ವಿರಳ. ಆದಕಾರಣ 1962ರ ಕಾರ್ಯಕ್ರಮದ ಆಧಾರಸ್ತಂಭವೇ ಅಲುಗಾಡಿತು. ರೋಗವಿದ್ದರೂ ಪರೀಕ್ಷೆ ‘ಇಲ್ಲ’ವೆಂದು ಹೇಳಬಹುದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅನುಮೋದಿಸಿದ ಅಣುಪರೀಕ್ಷೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು.

ಮಣ್ಣು ನೀರುಗಳಲ್ಲಿರುವ ಮೈಕೋಬ್ಯಾಕ್ಟೀರಿಯಂ ಏವಿಯಂ ಗುಂಪಿನ ಕ್ರಿಮಿಗಳು ಆರೋಗ್ಯವಂತರನ್ನು ಸಾಮಾನ್ಯವಾಗಿ ಬಾಧಿಸುವುದಿಲ್ಲ. ಘನ ಮಿಲಿಮೀಟರ್ ರಕ್ತದಲ್ಲಿ ಸಿ.ಡಿ.4 ಕಣಗಳು 50ಕ್ಕಿಂತ ಕೆಳಗಿಳಿದಾಗ ಅವು ಮೈಯೆಲ್ಲ ವ್ಯಾಪಿಸಬಲ್ಲವು. ಇಂತಹವನ್ನೇ ಅವಕಾಶವಾದಿ ಸೋಂಕುಗಳೆನ್ನುವುದು. ಕ್ಷಯವಾದರೋ ಅಷ್ಟು ಕಾಯುವುದಿಲ್ಲ, ಭಾರತದ ಎಚ್.ಐ.ವಿ. ಪೀಡಿತರಲ್ಲಿ ಅದೇ ಪ್ರಧಾನ ಶತ್ರು.

2004ರ ಏಪ್ರಿಲ್ 1ರಂದು ಆರಂಭವಾದ ಉಚಿತ ಎ.ಆರ್.ಟಿ. ಚಿಕಿತ್ಸೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಆ ಬಳಿಕ ಕ್ಷಯರೋಗಿಗಳಿಗೆ ಎಚ್.ಐ.ವಿ. ಪರೀಕ್ಷೆಯನ್ನೂ ಎಚ್.ಐ.ವಿ. ಪೀಡಿತರಿಗೆ ಕ್ಷಯದ ಶೋಧನೆಯನ್ನೂ ನಡೆಸಿ, ಎರಡು ಚಿಕಿತ್ಸೆಗಳನ್ನೂ ಒಂದೇ ಕಡೆ ಒದಗಿಸುವ ನೀತಿ ಬೆಳೆಯಿತು. ಆದರೆ ಇಲ್ಲೊಂದು ವೈಪರೀತ್ಯವಿದೆ. ಕ್ಷಯಕ್ಕೆ ಸಾಮೀಪ್ಯವೇ ಪರಿಹಾರವಾಗಿತ್ತು. ಎಚ್.ಐ.ವಿ. ಪೀಡಿತನಿಗೆ ಸಾಮೀಪ್ಯವೇ ಭಯಕಾರಣವಾಗಬಹುದು. ಆನವಟ್ಟಿಯಂತಹ ಊರಿನಲ್ಲಿ ಒಬ್ಬನು ಯಾವ ಬಾಗಿಲಿಗೆ ಹೋದನೆಂಬುದು ಸಂಜೆಯೊಳಗೆ ನಾಲ್ವರಿಗೆ ತಿಳಿಯುತ್ತದೆ. ಇಂತಹ ಭಯದಿಂದ ದೂರದ ಕೇಂದ್ರವನ್ನು ಆಯ್ದುಕೊಂಡವನಿಗೆ ಬಸ್ಸಿನ ಖರ್ಚು, ಕಳೆದುಹೋದ ದಿನದ ಕೂಲಿಗಳು ಸೇರಿ ಔಷಧ ತಪ್ಪುವ ಸಂಭವ ಹೆಚ್ಚು. ತಪ್ಪಿದ ಔಷಧ ಕ್ರಿಮಿಗೆ ಅವಕಾಶ.

ಪೀಡಿತರ ಗುಟ್ಟನ್ನು ಕಾಪಾಡಲು 2017ರಲ್ಲಿ ಕಾನೂನು ರಚಿತವಾಯಿತು. ಅದು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಆದರೆ ನೆರೆಹೊರೆಯ ನಾಲಗೆಯನ್ನು ಕಾನೂನೊಂದೇ ಕಟ್ಟಲಾರದು. ತುಮಕೂರಿನ ರೋಗಿಗಳು ಆಸ್ಪತ್ರೆಯ ಬಾಗಿಲಿಗೆ ತಾವಾಗಿಯೇ ಬಂದಿದ್ದರೆಂಬುದನ್ನು ಮರೆಯಬಾರದು. ಬರಲು ಹಿಂಜರಿಯುವ ರೋಗಿಯನ್ನು ದೂಷಿಸುವ ಮೊದಲು, ಆ ಬಾಗಿಲನ್ನು ನಾವು ಹೇಗೆ ಇಟ್ಟಿದ್ದೇವೆಂದು ವಿಚಾರಿಸುವುದು ಯುಕ್ತ.